ಅಪ್ಪನಿಗೆ ವೆಂಟಿಲೇಟರ್ ಹಾಕಿಸಬೇಕಾ ಬೇಡ್ವಾ? ನಾಳೆಯೊಳಗೆ ಹೇಳಿ ಅಂದಿದ್ದಾರೆ

ಅರಸೀಕೆರೆ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪನಿಗೆ 67 ವರ್ಷ, ಬಸ್ ಡ್ರೈವರ್ ಆಗಿ ರಿಟೈರ್ ಆದವರು. ಹೋದ ವರ್ಷ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಯಿತು. ಗೊತ್ತಾಗುವಾಗಲೇ ನಾಲ್ಕನೇ ಸ್ಟೇಜ್, ಲಿವರ್‌ಗೂ ಮೂಳೆಗೂ ಹರಡಿತ್ತು. ಕೀಮೋದಲ್ಲಿ ಮೊದಲು ಗಡ್ಡೆ ಸ್ವಲ್ಪ ಕರಗಿತು, ಆಮೇಲೆ ಮತ್ತೆ ಬೆಳೆಯಿತು. ಬೇರೆ ಕೀಮೋ ಶುರು ಮಾಡಿದರು, ಅಪ್ಪನ ಕೈಲಿ ತಡೆಯೋಕೆ ಆಗಲಿಲ್ಲ ಅಂತ ನಿಲ್ಲಿಸಿದರು. ಈಚೆಗೆ ಬಚ್ಚಲಿಗೆ ಹೋಗೋಕೂ ಇಬ್ಬರು ಹಿಡಿದುಕೊಳ್ಳಬೇಕು.

ಈ ವಾರ ಉಸಿರಾಟ ತೀರಾ ಕಷ್ಟವಾಗಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೇವೆ. ಐಸಿಯುನಲ್ಲಿದ್ದಾರೆ, ಬೈಪ್ಯಾಪ್ ಮಾಸ್ಕ್ (ಮುಖಕ್ಕೆ ಕಟ್ಟಿ ಒತ್ತಡದಿಂದ ಗಾಳಿ ಕೊಡೋದು) ಹಾಕಿದ್ದಾರೆ. ಪ್ರಜ್ಞೆ ಇದೆ, ಮಾಸ್ಕ್ ತೆಗೆದಾಗ ಒಂದೆರಡು ಮಾತಾಡುತ್ತಾರೆ. ಸಂಜೆ ಡ್ಯೂಟಿ ಡಾಕ್ಟರ್ ಕರೆದು, ಮಾಸ್ಕ್ ಸಾಲದೇ ಹೋದರೆ ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಹಾಕಬೇಕಾಗುತ್ತೆ, ಹಾಕಬೇಕಾ ಬೇಡ್ವಾ ನಾಳೆಯೊಳಗೆ ಹೇಳಿ ಅಂದರು. ನಿಂತಲ್ಲೇ ಎರಡು ನಿಮಿಷ ಮಾತಾಡಿ ಹೋದರು.

ಅಣ್ಣ ಅಮೆರಿಕದಲ್ಲಿದ್ದಾನೆ. ದುಡ್ಡಿನ ಯೋಚನೆ ಬೇಡ, ಏನೇನಿದೆಯೋ ಎಲ್ಲ ಮಾಡಿಸು ಅಂತಾನೆ. ಚಿಕ್ಕಪ್ಪ, ಇವೆಲ್ಲ ಬಿಲ್ ಏರಿಸೋ ಆಟ, ಸುಮ್ನೆ ಮನೆಗೆ ಕರ್ಕೊಂಡು ನಡಿ ಅಂತಾರೆ. ಅಮ್ಮನಿಗೆ ಪೂರ್ತಿ ವಿಷಯವನ್ನೇ ಹೇಳಿಲ್ಲ. ಸಹಿ ಹಾಕಬೇಕಾದವಳು ನಾನು. ಬೇಡ ಅಂತ ಸಹಿ ಹಾಕಿದರೆ ಅಪ್ಪನನ್ನು ನಾನೇ ಕೈಯಾರೆ ಕೊಂದ ಹಾಗೆ ಆಗಲ್ವಾ? ಕಾನೂನಿನಲ್ಲಿ ತಪ್ಪಾ? ಇಂಥದ್ದನ್ನು ದಾಟಿ ಬಂದವರು ಇದ್ದರೆ ಹೇಳಿ.

ರಾತ್ರಿ ಪಾಳಿ

ತಂಗಿ, ನಾನು ಐಸಿಯು ನರ್ಸ್. ಈ ಕೆಲಸಕ್ಕೆ ಸೇರಿ ತುಂಬಾ ವರ್ಷ ಆಯಿತು. ಹಾಕಿಸು ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ, ಯಾಕಂದರೆ ನೀನು ಬರೆದಿರೋದರಲ್ಲಿ ಮುಖ್ಯವಾದ ವಿಷಯವೇ ಇಲ್ಲ. ಉಸಿರು ಕಟ್ಟುತ್ತಿರೋದು ಯಾಕೆ?

ಶ್ವಾಸಕೋಶದ ಕ್ಯಾನ್ಸರ್ ಇರುವವರಿಗೆ ಉಸಿರಾಟದ ತೊಂದರೆ ಬಂತು ಅಂದರೆ ಅದು ಕ್ಯಾನ್ಸರ್‌ನಿಂದಲೇ ಅಂತ ಹೇಳೋಕೆ ಬರಲ್ಲ. ಎದೆಯಲ್ಲಿ ನೀರು ತುಂಬಿರಬಹುದು, ಸೂಜಿ ಹಾಕಿ ತೆಗೆದರೆ ಅರ್ಧ ಗಂಟೆಯಲ್ಲಿ ಹಗುರ ಆಗುತ್ತೆ. ನ್ಯುಮೋನಿಯಾ ಆಗಿರಬಹುದು. ಕಾಲಿನಿಂದ ರಕ್ತದ ಗಡ್ಡೆ ಬಂದು ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿರಬಹುದು. ಹೃದಯದ ಸುತ್ತ ನೀರು ತುಂಬಿರಬಹುದು. ಇಮ್ಯುನೋಥೆರಪಿ ತಗೊಂಡವರಾದರೆ ಆ ಔಷಧಿಯೇ ಶ್ವಾಸಕೋಶ ಕೆರಳಿಸಿರಬಹುದು, ಅದಕ್ಕೆ ಸ್ಟೀರಾಯ್ಡ್ ಕೊಡುತ್ತಾರೆ. ಇವೆಲ್ಲಕ್ಕೂ ಏನಾದರೂ ಮಾಡೋ ದಾರಿ ಇದೆ. ಇದು ಯಾವುದೂ ಅಲ್ಲ, ಕ್ಯಾನ್ಸರ್ರೇ ಶ್ವಾಸಕೋಶದ ತುಂಬ ಹರಡಿಕೊಂಡಿದೆ ಅಂದರೆ ಆ ಮಾತೇ ಬೇರೆ.

ನಿಮ್ಮಪ್ಪ ಡ್ರೈವರ್ ಅಂದೆಯಲ್ಲ. ವೆಂಟಿಲೇಟರ್ ಸ್ಟೆಪ್ನಿ ಇದ್ದ ಹಾಗೆ. ಪಂಕ್ಚರ್ ಹಾಕಿಸೋವರೆಗೆ ಗಾಡಿ ಓಡಿಸುತ್ತೆ. ಎಂಜಿನ್ನೇ ಸೀಜ್ ಆಗಿದ್ದರೆ ಸ್ಟೆಪ್ನಿ ಹಾಕಿ ಏನು ಪ್ರಯೋಜನ? ವೆಂಟಿಲೇಟರ್ ಯಾವ ಕಾಯಿಲೆಯನ್ನೂ ವಾಸಿ ಮಾಡಲ್ಲ, ವಾಸಿ ಮಾಡೋಕೆ ಟೈಮ್ ಕೊಡುತ್ತೆ ಅಷ್ಟೆ.

ಬೆಳಿಗ್ಗೆ ರೌಂಡ್ಸ್‌ಗೆ ದೊಡ್ಡ ಡಾಕ್ಟರ್ ಬರುತ್ತಾರೆ. ಡ್ಯೂಟಿ ಡಾಕ್ಟರನ್ನು ಬಿಡು, ಅವರನ್ನೇ ಹಿಡಿದು ಕೇಳು: ವೆಂಟಿಲೇಟರ್ ಹಾಕಿದರೆ ಅಷ್ಟರಲ್ಲಿ ನೀವು ಯಾವುದನ್ನು ಸರಿ ಮಾಡುತ್ತೀರಿ? ಅದು ಸರಿ ಹೋದರೆ ಅಪ್ಪ ಯಾವ ಸ್ಥಿತಿಗೆ ವಾಪಸ್ ಬರುತ್ತಾರೆ? ಕ್ಯಾನ್ಸರ್‌ಗೆ ಮುಂದೆ ಕೊಡೋ ಔಷಧಿ ಏನಾದರೂ ಉಳಿದಿದೆಯಾ? ಈ ಕೊನೇ ಪ್ರಶ್ನೆಯನ್ನು ಕ್ಯಾನ್ಸರ್ ಡಾಕ್ಟರಿಗೇ ಕೇಳಬೇಕು, ಐಸಿಯು ಡಾಕ್ಟರಿಗೆ ಗೊತ್ತಿರಲ್ಲ. ಇಬ್ಬರನ್ನೂ ಒಂದೇ ಕಡೆ ಕೂರಿಸಿಕೊಂಡರೆ ಇನ್ನೂ ಒಳ್ಳೇದು.

ಇನ್ನೊಂದು ವಿಷಯ ಇದೆ. ನೀನು, ಅಣ್ಣ, ಚಿಕ್ಕಪ್ಪ ಎಲ್ಲರೂ ಮಾತಾಡುತ್ತಿದ್ದೀರಿ. ಅಪ್ಪನನ್ನು ಯಾರಾದರೂ ಕೇಳಿದಿರಾ? ಪ್ರಜ್ಞೆ ಇದೆ ಅಂತೀಯ. ಟ್ಯೂಬ್ ಹಾಕಿದರೆ ಮಾತು ನಿಂತು ಹೋಗುತ್ತೆ, ಜೊತೆಗೆ ಮಂಪರು ಬರೋ ಔಷಧಿಯನ್ನೂ ಕೊಡುತ್ತಾರೆ. ಕೇಳೋದಿದ್ದರೆ ಈಗಲೇ ಕೇಳಬೇಕು.

ಚಾಮುಂಡಿ ಬೆಟ್ಟದ ಕೆಳಗೆ

ಮೇಡಂ, ಉಲ್ಟಾ ಮಾತಾಡುತ್ತಿದ್ದೀನಿ ಅನ್ನಿಸಿದರೆ ಕ್ಷಮಿಸಿ. ಕ್ಯಾನ್ಸರ್ ಅಂದ ತಕ್ಷಣ ಐಸಿಯು ಯಾಕೆ, ಸುಮ್ನೆ ಹಿಂಸೆ ಅನ್ನೋರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ.

ನನ್ನ ಹೆಂಡತಿಗೆ ರಕ್ತದ ಕ್ಯಾನ್ಸರ್. ಮೊದಲನೇ ಕೀಮೋ ಆದ ಮೇಲೆ ಬಿಳಿ ರಕ್ತಕಣ ಪೂರ್ತಿ ಇಳಿದು ಸೋಂಕು ಮೈಯೆಲ್ಲ ಹರಡಿತು. ಬಿಪಿ ಕುಸಿಯಿತು, ಕಿಡ್ನಿ ನಿಂತಿತು, ವೆಂಟಿಲೇಟರ್, ಡಯಾಲಿಸಿಸ್ ಎರಡೂ ಆಯಿತು. ನೆಂಟರೆಲ್ಲ ಬಂದು ಸಾಕು ಬಿಡಪ್ಪಾ, ಮಕ್ಕಳಿಗೆ ಅಂತ ನಾಲ್ಕು ಕಾಸು ಉಳಿಸಿಕೋ ಅಂದರು. ಡಾಕ್ಟರ್ ಮಾತ್ರ, ಇದು ಕೀಮೋದಿಂದ ಆಗಿರೋದು, ರಕ್ತಕಣ ಮೇಲೆ ಬಂದರೆ ಎಲ್ಲ ತಿರುಗುತ್ತೆ, ಕಾಯೋಣ ಅಂದರು. ಕಾದೆವು. ಈಗ ಅವಳು ಆರಾಮಾಗಿದ್ದಾಳೆ, ಬೆಳಿಗ್ಗೆ ನನ್ನ ಹತ್ತಿರ ಜಗಳ ಆಡಿ ಸ್ಕೂಲಿಗೆ ಪಾಠ ಮಾಡೋಕೆ ಹೋಗಿದ್ದಾಳೆ.

ಅದಕ್ಕೆ ನಾಲ್ಕು ಜನ ಹೇಳಿದರು ಅಂತ ಕೈ ಚೆಲ್ಲಬೇಡಿ. ನಿಮ್ಮಣ್ಣ ಹೇಳೋದರಲ್ಲೂ ನ್ಯಾಯ ಇದೆ.

ಅರಿವಳಿಕೆ ಡಾಕ್ಟರ್

ಮೇಲಿನ ಇಬ್ಬರೂ ಹೇಳಿರೋದು ಒಂದೇ ಮಾತು, ಬೇರೆ ಬೇರೆ ರೋಗಿಗಳ ಬಗ್ಗೆ. ಮೈಸೂರಿನವರ ಮನೆಯವರಿಗೆ ಕ್ಯಾನ್ಸರ್ ಹೊಸದು, ಮದ್ದಿಗೆ ಬಗ್ಗೋ ಜಾತಿಯದು, ತೊಂದರೆ ಬಂದಿದ್ದು ಸೋಂಕಿನಿಂದ. ಅಂಥವರಿಗೆ ನಾವು ಪೂರ್ತಿ ಹೋರಾಡಲೇಬೇಕು. ಹಿಂದೆ ಕ್ಯಾನ್ಸರ್ ರೋಗಿ ಅಂದರೆ ಐಸಿಯು ಬಾಗಿಲಲ್ಲೇ ವಾಪಸ್ ಕಳಿಸೋ ಕಾಲ ಇತ್ತು. ಅದು ತಪ್ಪು ಅಂತ ಈಗ ಎಲ್ಲರೂ ಒಪ್ಪುತ್ತಾರೆ.

ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯವರು 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ವೆಂಟಿಲೇಟರ್ ಬೇಕಾದ ಕ್ಯಾನ್ಸರ್ ರೋಗಿಗಳನ್ನು ಐಸಿಯುಗೆ ತಗೊಂಡು, ಮೊದಲ ಕೆಲವು ದಿನ ಯಾವುದಕ್ಕೂ ಕೊರತೆ ಮಾಡದೆ ಪೂರ್ತಿ ಚಿಕಿತ್ಸೆ ಕೊಟ್ಟು ನೋಡಿದರು. ಒಳಗೆ ಬರುವಾಗ ಯಾರು ಉಳಿಯುತ್ತಾರೆ ಯಾರು ಇಲ್ಲ ಅಂತ ಹೇಳೋಕೆ ಅವರಿಗೇ ಆಗಲಿಲ್ಲ. ಆರನೇ ದಿನದ ಹೊತ್ತಿಗೆ ಎಷ್ಟು ಅಂಗ ಕೈಕೊಟ್ಟಿದೆ ಅನ್ನೋದು ನೋಡಿದರೆ ಗೊತ್ತಾಗುತ್ತಿತ್ತು. ಮೂರು ದಿನ ಆದ ಮೇಲೆ ಹೊಸದಾಗಿ ವೆಂಟಿಲೇಟರ್ರೋ ಡಯಾಲಿಸಿಸ್ಸೋ ಬೇಕಾದವರಲ್ಲಿ ಒಬ್ಬರೂ ಉಳಿಯಲಿಲ್ಲ. ಗಮನಿಸಿ, ಅವರು ತಗೊಂಡಿದ್ದು ಹಾಸಿಗೆ ಹಿಡಿದವರನ್ನಲ್ಲ, ಕ್ಯಾನ್ಸರ್‌ಗೆ ಇನ್ನೂ ಮದ್ದು ಇರೋರನ್ನು.

ಅದಕ್ಕೇ ಈಗ ಅವಧಿ ಇಟ್ಟುಕೊಂಡು ನೋಡೋದು ಅಂತ ಒಂದು ಪದ್ಧತಿ ಬಂದಿದೆ. ಕಾರಣ ಗೊಂದಲ ಇದ್ದರೆ ಇಂತಿಷ್ಟು ದಿನ ಎಲ್ಲ ಮಾಡೋಣ, ಇದು ಇದು ಸುಧಾರಿಸಬೇಕು, ಸುಧಾರಿಸದೇ ಹೋದರೆ ಮುಂದೆ ಏರಿಸೋದು ಬೇಡ ಅಂತ ಮೊದಲೇ ಮನೆಯವರ ಜೊತೆ ಕೂತು ಮಾತಾಡಿಕೊಳ್ಳೋದು. ಕಾಗದದ ಮೇಲೆ ಚೆನ್ನಾಗಿದೆ. ನಮ್ಮಲ್ಲಿ ತೊಡಕು ಏನಂದರೆ, ಒಮ್ಮೆ ಟ್ಯೂಬ್ ಹಾಕಿದ ಮೇಲೆ ತೆಗೆಯೋಕೆ ಬಹಳ ಆಸ್ಪತ್ರೆಗಳು ಹಿಂಜರಿಯುತ್ತವೆ. ಹಾಕದೇ ಇರೋದೂ ಹಾಕಿ ತೆಗೆಯೋದೂ ನ್ಯಾಯದ ದೃಷ್ಟಿಯಲ್ಲಿ ಒಂದೇ ಅಂತ ನಾವು ಎಷ್ಟೇ ಹೇಳಿದರೂ, ಹಾಸಿಗೆ ಪಕ್ಕ ನಿಂತಾಗ ಯಾರಿಗೂ ಒಂದೇ ಅನ್ನಿಸಲ್ಲ. ಹಾಗಾಗಿ ಹಾಕೋ ಮೊದಲು ಯೋಚನೆ ಮಾಡೋದು ಜಾಣತನ.

ಎದೆ ಒತ್ತೋದರ ಬಗ್ಗೆಯೂ ಈಗಲೇ ಕೇಳಿಕೊಳ್ಳಿ. ಹೃದಯ ನಿಂತರೆ ಸಿಪಿಆರ್ ಮಾಡಬೇಕಾ ಅಂತ. ಸಿನಿಮಾದಲ್ಲಿ ತೋರಿಸೋ ಹಾಗೆ ಒತ್ತಿದ ಕೂಡಲೇ ಎದ್ದು ಕೂರಲ್ಲ. ಪಕ್ಕೆಲುಬು ಮುರಿಯೋದು ಮಾಮೂಲು, ಮೂಳೆಗೆ ಕ್ಯಾನ್ಸರ್ ಹರಡಿದವರಿಗಂತೂ ಇನ್ನೂ ಜಾಸ್ತಿ. ಯಾವಾಗ ಸಿಪಿಆರ್ ಬೇಡ ಅಂತ ಬರೆಯಬಹುದು ಅನ್ನೋದಕ್ಕೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲೇ ಮಾರ್ಗಸೂಚಿ ಕೊಟ್ಟಿದೆ.

ಕರಿಕೋಟು

ಕಾನೂನು ಕೇಳಿದ್ದೀರಿ, ಅಷ್ಟಕ್ಕೆ ಉತ್ತರ ಹೇಳುತ್ತೇನೆ.

ನಿಮ್ಮ ತಂದೆಗೆ ಪ್ರಜ್ಞೆ ಇದ್ದು, ಅರ್ಥ ಮಾಡಿಕೊಂಡು ನನಗೆ ವೆಂಟಿಲೇಟರ್ ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಅದು ಅವರ ಹಕ್ಕು. ಯಾವ ಬೋರ್ಡೂ ಬೇಡ, ಕೋರ್ಟೂ ಬೇಡ, ನಿಮ್ಮ ಸಹಿಯೂ ಬೇಡ. ಡಾಕ್ಟರ್ ಎದುರಿಗೆ ಹೇಳಿಸಿ, ಕೇಸ್ ಶೀಟಿನಲ್ಲಿ ಬರೆಸಿ. ಮಗಳೇ ಸಹಿ ಹಾಕಲಿ ಅಂತ ಆಸ್ಪತ್ರೆಯವರು ಓಡಾಡೋದು ನಮ್ಮಲ್ಲಿ ರೂಢಿ ಅಷ್ಟೆ.

ಪ್ರಜ್ಞೆ ಇಲ್ಲದವರ ವಿಷಯಕ್ಕೆ ದಾರಿ ತೋರಿಸಿದ್ದು ಸುಪ್ರೀಂ ಕೋರ್ಟ್. ಅರುಣಾ ಶಾನಭಾಗ್ ಹೆಸರು ಕೇಳಿರುತ್ತೀರಿ. ನಮ್ಮ ಹೊನ್ನಾವರದ ಹಳದೀಪುರದವರು, ಮುಂಬೈಯಲ್ಲಿ ನರ್ಸ್ ಆಗಿದ್ದರು, 1973ರಲ್ಲಿ ಹಲ್ಲೆಗೆ ಸಿಕ್ಕಿ 2015ರವರೆಗೂ ಅದೇ ಆಸ್ಪತ್ರೆಯ ಹಾಸಿಗೆ ಮೇಲೆ ಇದ್ದರು. ಅವರ ಕೇಸಿನಲ್ಲಿ 2011ರಲ್ಲಿ ಬಂದ ತೀರ್ಪಿನಿಂದ ಇದರ ಚರ್ಚೆ ಶುರುವಾಗಿದ್ದು. 2018ರ ಮಾರ್ಚ್ 9ರಂದು ಐದು ಜನರ ಪೀಠ, ಘನತೆಯಿಂದ ಸಾಯೋದು ಸಂವಿಧಾನದ 21ನೇ ವಿಧಿಯ ಬದುಕೋ ಹಕ್ಕಿನಲ್ಲೇ ಬರುತ್ತೆ ಅಂದಿತು. ಆಗ ಹೇಳಿದ ಕ್ರಮ ಎಷ್ಟು ಗೋಜಲಾಗಿತ್ತು ಅಂದರೆ ಯಾರೂ ಪಾಲಿಸೋಕೆ ಆಗುತ್ತಿರಲಿಲ್ಲ, 2023ರ ಜನವರಿಯಲ್ಲಿ ಸರಳ ಮಾಡಿದರು. ಈಗ ಯಂತ್ರ ನಿಲ್ಲಿಸಬಹುದಾ ಅಂತ ಹೇಳೋಕೆ ಚಿಕಿತ್ಸೆ ಕೊಡೋ ಡಾಕ್ಟರ್ ಜೊತೆ ಇನ್ನಿಬ್ಬರು ತಜ್ಞರು ಸೇರಿ ಮೊದಲ ಬೋರ್ಡ್. ಅವರು ಹೇಳಿದ್ದನ್ನು ಬೇರೆ ಮೂವರ ಎರಡನೇ ಬೋರ್ಡ್ ನೋಡಬೇಕು, ಅದರಲ್ಲಿ ಒಬ್ಬರು ಜಿಲ್ಲಾ ಆರೋಗ್ಯಾಧಿಕಾರಿ ಹೆಸರಿಸಿದವರು. ಒಂದೊಂದು ಬೋರ್ಡೂ ಆದಷ್ಟು 48 ಗಂಟೆಯೊಳಗೆ ಹೇಳಬೇಕು. ಮನೆಯವರ ಒಪ್ಪಿಗೆ ಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು, ಅನುಮತಿಗೆ ಕಾಯಬೇಕಿಲ್ಲ. ಕರ್ನಾಟಕ ಸರ್ಕಾರ 2025ರ ಜನವರಿ ಕೊನೆಯಲ್ಲಿ ಇದನ್ನು ಜಾರಿ ಮಾಡೋ ಆದೇಶವನ್ನೂ ಹೊರಡಿಸಿದೆ. ಇದಕ್ಕಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ಓಡಾಡಿದವರು ದಾವಣಗೆರೆಯ ನಿವೃತ್ತ ಟೀಚರ್ ಎಚ್.ಬಿ. ಕರಿಬಸಮ್ಮ. ನಮ್ಮ ಆಸ್ಪತ್ರೆಗಳಲ್ಲಿ ಎಷ್ಟು ಕಡೆ ಆ ಆದೇಶ ಓದಿದ್ದಾರೋ ಆ ದೇವರಿಗೇ ಗೊತ್ತು.

ವಿಷದ ಇಂಜೆಕ್ಷನ್ ಕೊಟ್ಟು ಸಾಯಿಸೋದು ಇವತ್ತಿಗೂ ಅಪರಾಧ. ಗುಣ ಆಗದ ಕಾಯಿಲೆಯಲ್ಲಿ ಯಂತ್ರ ಬೇಡ ಅನ್ನೋದು ಅದಲ್ಲ. ಇದನ್ನು ಓದುತ್ತಿರೋ ಬೇರೆಯವರಿಗೆ ಒಂದು ಮಾತು: ಗಟ್ಟಿಮುಟ್ಟಾಗಿದ್ದಾಗಲೇ ಲಿವಿಂಗ್ ವಿಲ್ (ಮುಂದೆ ಹೇಳೋಕೆ ಆಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅನ್ನೋ ಪತ್ರ) ಬರೆದಿಡಿ. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ, ನಿಮ್ಮ ಪರವಾಗಿ ಹೇಳೋರ ಹೆಸರು. ಬೇಡ ಅನ್ನಿಸಿದ ದಿನ ಬದಲಿಸಬಹುದು.

ಟೆಕ್ಸಾಸ್ ಗೌಡ

ನಾನೂ ನಿಮ್ಮ ಅಣ್ಣನ ಹಾಗೆ ದೂರ ಇರೋನು, ಅದಕ್ಕೆ ಧೈರ್ಯವಾಗಿ ಹೇಳುತ್ತೇನೆ. ಎಲ್ಲ ಮಾಡಿಸು ಅಂತ ಫೋನಿನಲ್ಲಿ ಹೇಳೋದು ಬಲು ಸುಲಭ. ಎರಡು ವರ್ಷದಿಂದ ಅಪ್ಪನನ್ನು ನೋಡಿರಲ್ಲ, ಕಣ್ಣ ಮುಂದೆ ಇರೋದು ಏರ್‌ಪೋರ್ಟಿಗೆ ಬಿಡೋಕೆ ಬಂದಿದ್ದ ಅಪ್ಪ. ಜೊತೆಗೆ ಹತ್ತಿರ ಇಲ್ಲದೇ ಇರೋ ಪಾಪಪ್ರಜ್ಞೆ.

ಅವನ ಜೊತೆ ವಾದ ಮಾಡಬೇಡಿ. ನೀವು ಮಧ್ಯೆ ನಿಂತು ಡಾಕ್ಟರ್ ಹೇಳಿದ್ದನ್ನು ಅವನಿಗೆ ಸಾಗಿಸೋದೂ ಬೇಡ, ಕೊನೆಗೆ ನೀನೇ ಸರಿಯಾಗಿ ಹೇಳಲಿಲ್ಲ ಅನ್ನುತ್ತಾನೆ. ವಿಡಿಯೋ ಕಾಲ್‌ನಲ್ಲಿ ನೇರವಾಗಿ ಡಾಕ್ಟರ್ ಹತ್ತಿರ ಮಾತಾಡಿಸಿ. ಆಮೇಲೆ ಅದೇ ಕಾಲ್‌ನಲ್ಲಿ ಅಪ್ಪನ ಮುಖ ತೋರಿಸಿ. ಅವನಿರೋ ದೇಶದಲ್ಲೇ ಇಂಥ ರೋಗಿಗಳನ್ನು ಹಾಸ್ಪಿಸ್‌ಗೆ, ಅಂದರೆ ಕೊನೆಗಾಲದ ಆರೈಕೆಗೆ ಕಳಿಸುತ್ತಾರೆ, ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಅದಕ್ಕೆ ದುಡ್ಡು ಕೊಡುತ್ತೆ. ಇದು ಅವನಿಗೂ ಗೊತ್ತಿರುತ್ತೆ. ಬರೋ ಹಾಗಿದ್ದರೆ ಇವತ್ತೇ ಟಿಕೆಟ್ ಮಾಡು ಅಂತ ಹೇಳಿ, ಮುಲಾಜಿಲ್ಲದೆ ಹೇಳಿ.

ಅಮ್ಮನಿಗೆ ಯಾಕೆ ಹೇಳಿಲ್ಲ? ಗಂಡ ಅಲ್ವಾ ಅವರಿಗೆ?

ಅರಸೀಕೆರೆ ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಳಿಗ್ಗೆ ದೊಡ್ಡ ಡಾಕ್ಟರ್ ಸಿಕ್ಕರು, ಕ್ಯಾನ್ಸರ್ ಡಾಕ್ಟರೂ ಫೋನಿನಲ್ಲಿ ಬಂದರು. ಎದೆ ನೀರು ಆಗಲೇ ತೆಗೆದಿದ್ದಾರಂತೆ, ಮತ್ತೆ ತುಂಬಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ರಕ್ತದ ಗಡ್ಡೆ ಇಲ್ಲ. ಆ್ಯಂಟಿಬಯೋಟಿಕ್ ಶುರುವಿನಿಂದಲೂ ಹೋಗುತ್ತಿದೆ, ಏನೂ ಬದಲಾಗಿಲ್ಲ. ಎರಡೂ ಶ್ವಾಸಕೋಶದಲ್ಲಿ ಕ್ಯಾನ್ಸರ್ರೇ ಬಲೆಯ ಹಾಗೆ ಹರಡಿದೆ ಅಂತ ತೋರಿಸಿದರು. ಮುಂದೆ ಕೊಡೋಕೆ ಔಷಧಿ ಇಲ್ಲ, ಇದ್ದರೂ ತಡೆದುಕೊಳ್ಳೋ ದೇಹ ಇಲ್ಲ ಅಂದರು. ಟ್ಯೂಬ್ ಹಾಕಿದರೆ ತೆಗೆಯೋ ಹಾಗೆ ಆಗೋದು ಅನುಮಾನ ಅಂತ ಅವರೇ ಬಾಯಿ ಬಿಟ್ಟು ಹೇಳಿದರು.

ಅಪ್ಪನ ಹತ್ತಿರ ಅಮ್ಮ ಕೇಳಿದರು, ನಾನಲ್ಲ. ಅಮ್ಮನಿಗೆ ಎಲ್ಲ ಗೊತ್ತಿತ್ತಂತೆ. ಅಪ್ಪ ಕೈಯಲ್ಲೇ ಬೇಡ ಅಂತ ಮಾಡಿ, ಊರು ಅಂದರು. ಡಾಕ್ಟರ್ ಮುಂದೆ ಇನ್ನೊಂದು ಸಲ ಕೇಳಿದಾಗಲೂ ಅದೇ. ಕೇಸ್ ಶೀಟಿನಲ್ಲಿ ಬರೆದುಕೊಂಡರು. ಅಣ್ಣ ವಿಡಿಯೋದಲ್ಲಿ ಏನೂ ಮಾತಾಡಲಿಲ್ಲ, ನಾಳೆ ಹೊರಡುತ್ತಿದ್ದಾನೆ.

ಈಗ ನನ್ನ ಭಯ ಬೇರೆ. ಊರಿಗೆ ಕರ್ಕೊಂಡು ಹೋದರೆ ಉಸಿರು ಸಿಗದೆ ಒದ್ದಾಡಿಬಿಟ್ಟರೆ? ಮಾರ್ಫಿನ್ ಕೊಡುತ್ತೇವೆ ಅಂತಾರೆ. ಅದು ಕೊಟ್ಟರೆ ಬೇಗ ಹೋಗಿಬಿಡುತ್ತಾರೆ ಅಂತ ಚಿಕ್ಕಪ್ಪ ಹೆದರಿಸುತ್ತಿದ್ದಾರೆ. ಬಿಡುಗಡೆಗೆ ಯಾವುದೋ ಫಾರಂ ಕೊಟ್ಟಿದ್ದಾರೆ, ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುತ್ತಿದ್ದೇವೆ ಅಂತ ಇದೆ.

ನೋವಿನ ಕ್ಲಿನಿಕ್

ನಾನು ಪ್ಯಾಲಿಯೇಟಿವ್ ಕೇರ್ ಡಾಕ್ಟರ್, ಅಂದರೆ ದೊಡ್ಡ ಕಾಯಿಲೆಯಲ್ಲಿ ನೋವು, ಸಂಕಟ ಕಡಿಮೆ ಮಾಡೋ ಆರೈಕೆ ನನ್ನ ಕೆಲಸ. ಮೊದಲು ಆ ಫಾರಂಗೆ ಸಹಿ ಹಾಕಬೇಡಿ. ನೀವು ಯಾರ ಸಲಹೆಗೂ ವಿರುದ್ಧ ಹೋಗುತ್ತಿಲ್ಲ. ನಮ್ಮಲ್ಲಿ ಎಷ್ಟೋ ಮನೆಯವರನ್ನು ಆ ಕಾಗದಕ್ಕೆ ಸಹಿ ಹಾಕಿಸಿ ಬರಿಗೈಯಲ್ಲಿ ಕಳಿಸಿಬಿಡುತ್ತಾರೆ. ಔಷಧಿ ಇಲ್ಲ, ಫೋನ್ ನಂಬರ್ ಇಲ್ಲ, ಆಂಬ್ಯುಲೆನ್ಸಿನಲ್ಲಿ ಯಾರೋ ಅಂಬು ಬ್ಯಾಗ್ (ಕೈಯಲ್ಲಿ ಒತ್ತಿ ಉಸಿರು ಕೊಡೋ ಚೀಲ) ಒತ್ತುತ್ತಾ ಹೋಗೋದು. ಇದು ಗುಣ ಆಗದ ಕಾಯಿಲೆ, ರೋಗಿಯ ಇಷ್ಟದಂತೆ ಮನೆಯಲ್ಲಿ ಆರೈಕೆ ಅಂತ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಸಿಕೊಳ್ಳಿ. ಆ ಆಸ್ಪತ್ರೆಯಲ್ಲೇ ಪ್ಯಾಲಿಯೇಟಿವ್ ವಿಭಾಗ ಇದ್ದರೆ ಇವತ್ತೇ ಅವರನ್ನು ಹಾಸಿಗೆ ಹತ್ತಿರ ಕರೆಸಿ.

ಮಾರ್ಫಿನ್ ಬಗ್ಗೆ. ನೋವಿಗೆ ಮಾತ್ರ ಅಲ್ಲ, ಉಸಿರು ಸಿಗದ ಸಂಕಟಕ್ಕೂ ಅದೇ ಮುಖ್ಯ ಔಷಧಿ. ಸಣ್ಣ ಡೋಸಿನಿಂದ ಶುರು ಮಾಡಿ ನೋಡಿಕೊಂಡು ಏರಿಸುತ್ತಾರೆ. ಹಾಗೆ ಕೊಟ್ಟರೆ ಆಯಸ್ಸು ಕಡಿಮೆ ಆಗಲ್ಲ, ಒದ್ದಾಟ ಕಡಿಮೆ ಆಗುತ್ತೆ. ಮೊದಲ ಒಂದೆರಡು ದಿನ ನಿದ್ದೆ ಜಾಸ್ತಿ ಇರಬಹುದು. ಮಲಬದ್ಧತೆ ಖಂಡಿತ ಆಗುತ್ತೆ, ಜೊತೆಗೇ ಅದರ ಔಷಧಿ ಕೊಡದಿದ್ದರೆ ಕೇಳಿ. ಎಲ್ಲ ಮೆಡಿಕಲ್ ಶಾಪಿನಲ್ಲಿ ಮಾರ್ಫಿನ್ ಸಿಗಲ್ಲ. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಮಾನ್ಯತೆ ಇರೋ ಆಸ್ಪತ್ರೆಗಳು ಇಟ್ಟುಕೊಳ್ಳೋದು ಸುಲಭ ಆಗಿದೆ, ಆದರೂ ಊರೂರಲ್ಲಿ ಇಲ್ಲ. ಬೆಂಗಳೂರು ಬಿಡೋ ಮೊದಲೇ ಸಾಕಾಗುವಷ್ಟು ತಗೊಳ್ಳಿ, ಹಾಸನದಲ್ಲಿ ಎಲ್ಲಿ ಸಿಗುತ್ತೆ ಅಂತ ಫೋನ್ ಮಾಡಿ ವಿಚಾರಿಸಿ. ಮಾತ್ರೆ ನುಂಗೋಕೆ ಆಗದಿದ್ದರೆ ಏನು ಕೊಡಬೇಕು ಅಂತಲೂ ಈಗಲೇ ಬರೆಸಿಕೊಳ್ಳಿ.

ಆಕ್ಸಿಜನ್ ಕಾನ್ಸಂಟ್ರೇಟರ್ ಬಾಡಿಗೆಗೆ ಸಿಗುತ್ತೆ. ಕರೆಂಟ್ ಹೋಗುತ್ತೆ ಅನ್ನೋದು ನೆನಪಿರಲಿ, ಒಂದು ಸಿಲಿಂಡರ್ ಪಕ್ಕದಲ್ಲಿರಲಿ. ತಲೆ ಎತ್ತರಿಸಿ ಒರಗಿಸಿ, ಮುಖಕ್ಕೆ ನೇರವಾಗಿ ಗಾಳಿ ಬೀಸೋ ಹಾಗೆ ಸಣ್ಣ ಟೇಬಲ್ ಫ್ಯಾನ್ ಇಡಿ. ಇದಕ್ಕೆ ನಗಬೇಡಿ, ನಿಜಕ್ಕೂ ಆರಾಮ ಕೊಡುತ್ತೆ.

ಊಟದ ಬಗ್ಗೆ ಎಲ್ಲ ಮನೆಯಲ್ಲೂ ಗಲಾಟೆ ಆಗುತ್ತೆ. ಉಪವಾಸ ಕಳಿಸೋದಾ ಅಂತ ಅತ್ತೆಯೋ ದೊಡ್ಡಮ್ಮನೋ ಬಾಯಿಗೆ ಗಂಜಿ ಸುರಿಯೋಕೆ ಬರುತ್ತಾರೆ. ಕೊನೆಯ ದಿನಗಳಲ್ಲಿ ದೇಹಕ್ಕೇ ಊಟ ಬೇಡವಾಗಿರುತ್ತೆ. ಬಲವಂತ ಮಾಡಿದರೆ ಶ್ವಾಸನಾಳಕ್ಕೆ ಹೋಗುತ್ತೆ. ಕೇಳಿದರೆ ಒಂದೆರಡು ಚಮಚ ಕೊಡಿ. ತುಟಿ ನಾಲಿಗೆ ಒದ್ದೆ ಮಾಡುತ್ತಿರಿ, ಎಳನೀರು, ಕಾಫಿ, ಅವರಿಗೆ ಇಷ್ಟ ಆಗಿದ್ದು ಯಾವುದಾದರೂ ಸರಿ. ಕೊನೆಗೊನೆಗೆ ಗಂಟಲಲ್ಲಿ ಗೊರಗೊರ ಸದ್ದು ಬರಬಹುದು, ಉಸಿರು ನಿಂತು ನಿಂತು ಬರಬಹುದು. ಕೇಳೋರಿಗೆ ಸಂಕಟ, ಅಷ್ಟು ಹೊತ್ತಿಗೆ ಅವರಿಗೆ ಅದರ ಅರಿವು ಇರೋದು ಕಡಿಮೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಆ ಸದ್ದಿಗೆ ಹೆದರಿ ಮತ್ತೆ ಎಮರ್ಜೆನ್ಸಿಗೆ ಓಡಿ, ಬೇಡ ಅಂದಿದ್ದ ಟ್ಯೂಬನ್ನೇ ಹಾಕಿಸಿಕೊಂಡವರನ್ನು ನಾನು ನೋಡಿದ್ದೇನೆ.

ಮನೆಯಲ್ಲಿ ನಿಭಾಯಿಸೋಕೆ ಆಗಲ್ಲ ಅನ್ನಿಸಿದರೆ, ಅಥವಾ ಅಷ್ಟು ದೂರದ ಪ್ರಯಾಣ ತಡೆಯಲ್ಲ ಅಂತ ಡಾಕ್ಟರ್ ಹೇಳಿದರೆ, ಬೆಂಗಳೂರಿನ ಮಾರತಹಳ್ಳಿ ಹತ್ತಿರ ಕರುಣಾಶ್ರಯ ಇದೆ. ಮುಂದುವರಿದ ಕ್ಯಾನ್ಸರ್ ಇರೋರಿಗೇ ಅಂತ ಇರೋ ಜಾಗ, ದುಡ್ಡು ತಗೊಳ್ಳಲ್ಲ. ಹಾಸಿಗೆ ಇದೆಯಾ ಅಂತ ಮೊದಲು ವಿಚಾರಿಸಿ. ಕಿದ್ವಾಯಿ ಆಸ್ಪತ್ರೆಯಲ್ಲೂ ಪ್ಯಾಲಿಯೇಟಿವ್ ವಿಭಾಗ ಇದೆ.

ನಿಮ್ಮ ಚಿಕ್ಕಪ್ಪನಿಗೆ ಇದನ್ನೂ ಹೇಳಿ. ಅಮೆರಿಕದ ಬಾಸ್ಟನ್‌ನಲ್ಲಿ ಇದೇ ಶ್ವಾಸಕೋಶದ ಕ್ಯಾನ್ಸರ್ ಹರಡಿದವರನ್ನು ಎರಡು ಗುಂಪು ಮಾಡಿ ನೋಡಿದ್ದರು, 2010ರಲ್ಲಿ ಪ್ರಕಟ ಆಯಿತು. ಶುರುವಿನಿಂದಲೇ ಪ್ಯಾಲಿಯೇಟಿವ್ ಆರೈಕೆ ಸಿಕ್ಕವರಿಗೆ ಕೊನೆಯಲ್ಲಿ ಜೋರು ಚಿಕಿತ್ಸೆ ಕಡಿಮೆ ಆಯಿತು, ಆದರೂ ಅವರೇ ಜಾಸ್ತಿ ಬದುಕಿದರು: ಸುಮಾರು 11.6 ತಿಂಗಳು, ಇನ್ನೊಂದು ಗುಂಪಿನವರು 8.9 ತಿಂಗಳು. ನಿಮ್ಮಪ್ಪನಿಗೆ ಇದು ರೋಗ ಗೊತ್ತಾದ ದಿನದಿಂದಲೇ ಸಿಗಬೇಕಿತ್ತು. ಹೇಳದೇ ಇರೋಕೆ ಆಗಲಿಲ್ಲ.

ರಾತ್ರಿ ಪಾಳಿ

ತಂಗಿ, ಡಾಕ್ಟರ್ ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ. ಆಂಬ್ಯುಲೆನ್ಸ್ ಹತ್ತಿಸೋ ಮೊದಲು ಮಾರ್ಫಿನ್ ಡೋಸ್ ಕೊಟ್ಟು ಕಳಿಸಿ ಅಂತ ಕೇಳು. ದಾರಿಯಲ್ಲಿ ಬೈಪ್ಯಾಪ್ ಇರುತ್ತಾ ಬರೀ ಆಕ್ಸಿಜನ್ನಾ, ಮನೆಗೆ ಹೋದ ಮೇಲೆ ಮಾಸ್ಕ್ ಮುಂದುವರಿಸೋದಾ ನಿಲ್ಲಿಸೋದಾ, ಇದನ್ನು ಇಲ್ಲೇ ತೀರ್ಮಾನ ಮಾಡಿಕೊಂಡು ಹೊರಡಿ. ಮಾಸ್ಕ್ ಕಟ್ಟಿಕೊಂಡು ಅಪ್ಪನಿಗೆ ಮಾತಾಡೋಕೆ ಆಗುತ್ತಿಲ್ಲ ಅಲ್ವಾ, ಎಷ್ಟು ಹೊತ್ತು ಬೇಕು ಅಂತ ಅವರನ್ನೇ ಕೇಳಿ.

ಇನ್ನೊಂದು, ಈಗ ಹೇಳೋಕೆ ಬೇಜಾರು, ಆದರೆ ಆಮೇಲೆ ಯಾರೂ ಹೇಳಲ್ಲ. ಮನೆಯಲ್ಲಿ ತೀರಿಕೊಂಡರೆ ಮರಣ ಪ್ರಮಾಣ ಪತ್ರಕ್ಕೆ ಸಾವಿನ ಕಾರಣ ಬರೆದುಕೊಡೋ ಡಾಕ್ಟರ್ ಬೇಕಾಗುತ್ತೆ, ಅದರ ಫಾರಂ 4ಎ. ಅರಸೀಕೆರೆಯಲ್ಲಿ ನಿಮಗೆ ಗೊತ್ತಿರೋ ಡಾಕ್ಟರನ್ನು ಮೊದಲೇ ಮನೆಗೆ ಕರೆಸಿ ಅಪ್ಪನನ್ನು ತೋರಿಸಿ, ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸ್ ಕೊಟ್ಟಿರಿ. 21 ದಿನದೊಳಗೆ ನೋಂದಾಯಿಸಿದರೆ ಓಡಾಟ ಇರಲ್ಲ, ಅಮ್ಮನ ಪೆನ್ಷನ್‌ಗೂ ಅದೇ ಕಾಗದ ಬೇಕು. ಈ ಕೆಲಸವನ್ನೆಲ್ಲ ಚಿಕ್ಕಪ್ಪನ ಕೈಗೆ ಕೊಡು, ಅವರಿಗೂ ಮಾಡೋಕೆ ಏನಾದರೂ ಇರಲಿ.